ಅಕ್ಕನಿಗೆ ಹೇಳದೆ ಬಿಟ್ಟ ಮಾತು

ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ, ಆಪರೇಷನ್ ಆದವರನ್ನು ಇಡುವ ವಾರ್ಡಿನಲ್ಲಿ, ನಾನು ಹತ್ತೊಂಬತ್ತು ವರ್ಷಗಳಿಂದ ನರ್ಸ್ ಆಗಿದ್ದೇನೆ. ದಿನವಿಡೀ ನಾನು ಕೇಳುವ ಪ್ರಶ್ನೆ ಒಂದೇ: ಎಷ್ಟು ನೋಯುತ್ತಿದೆ? ಮರಾಠಿಯಲ್ಲಿ ಕೇಳುತ್ತೇನೆ, ಕನ್ನಡದಲ್ಲಿ ಕೇಳುತ್ತೇನೆ, ನೇಕಾರರ ಮನೆಯವರು ಬಂದರೆ ನನಗೆ ಬರುವ ಅರ್ಧಮರ್ಧ ತೆಲುಗಿನಲ್ಲಿ ಕೇಳುತ್ತೇನೆ. ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿಸಬೇಕು ಎಂದು ನಮಗೆ ಕಲಿಸಿದ್ದಾರೆ. ಅಕ್ಕಲಕೋಟ ಕಡೆಯ ಹಳ್ಳಿಗಳಿಂದ ಬರುವ ಹೆಂಗಸರು ಆ ಅಂಕಿ ಹೇಳುವುದಿಲ್ಲ. ಐತ್ರಿ ಸ್ವಲ್ಪ ಅನ್ನುತ್ತಾರೆ, ಇಲ್ಲವೆ ಏನೂ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ. ಆದರೆ ಅವರ ಮುಷ್ಟಿ ಚಾದರದ ಅಂಚನ್ನು ಹಿಂಡುತ್ತಿರುತ್ತದೆ. ಹಾಗಾಗಿ ನಾನು ಅಂಕಿಯನ್ನು ಬಿಟ್ಟು ಬೇರೆ ಕೇಳುತ್ತೇನೆ. ಮಗ್ಗಲು ಬದಲಿಸಿದಿರಾ, ಜೋರಾಗಿ ಕೆಮ್ಮಲಿಕ್ಕೆ ಬರುತ್ತದೆಯೇ, ಬಾಗಿಲವರೆಗೆ ನಡೆದಿರಾ ಎಂದು. ಅದಕ್ಕೆ ಸುಳ್ಳು ಹೇಳುವುದು ಕಷ್ಟ.

ನೋವು ನುಂಗಿಕೊಂಡು ಬಿದ್ದುಕೊಂಡವರು ಉಸಿರನ್ನು ಪೂರ್ತಿ ಎಳೆಯುವುದಿಲ್ಲ. ಕೆಮ್ಮುವುದಿಲ್ಲ, ಏಳುವುದಿಲ್ಲ. ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೇ ಮೊದಲ ಕೆಲವು ದಿನ ಅಫೀಮಿನ ಜಾತಿಗೆ ಸೇರಿದ ಬಲವಾದ ಔಷಧವನ್ನು ಕೊಡುತ್ತೇವೆ. ಅದು ಒಳ್ಳೆಯ ಔಷಧ. ಆದರೆ ಅಳತೆ ಮೀರಿದರೆ, ಅಥವಾ ಯಾರಿಗೆ ಬರೆದದ್ದೋ ಅವರನ್ನು ಬಿಟ್ಟು ಬೇರೆಯವರ ಹೊಟ್ಟೆ ಸೇರಿದರೆ, ಅದೇ ಔಷಧ ಉಸಿರನ್ನು ನಿಧಾನ ಮಾಡುತ್ತದೆ. ಮನೆಗೆ ಹೋಗುವ ಪ್ರತಿಯೊಬ್ಬರಿಗೂ ಇದನ್ನು ಹೇಳುತ್ತೇನೆ. ಒಬ್ಬರಿಗೆ ಮಾತ್ರ ಪೂರ್ತಿ ಹೇಳಲಿಲ್ಲ. ಆಕೆ ನನ್ನ ಸ್ವಂತ ಅಕ್ಕ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಮ್ಮ ತವರು ಮಂದ್ರೂಪ. ಅಲ್ಲಿಯ ಕನ್ನಡ ಸಾಲೆಯಲ್ಲಿ ಇಬ್ಬರೂ ಓದಿದೆವು. ಆಕೆ ಏಳನೆಯ ಇಯತ್ತೆಗೆ ನಿಲ್ಲಿಸಿದಳು, ನಾನು ಮುಂದೆ ಮರಾಠಿಯಲ್ಲಿ ಓದಿ ನರ್ಸ್ ಆದೆ. ಹತ್ತೊಂಬತ್ತಕ್ಕೆ ಆಕೆಯನ್ನು ಚಪಳಗಾಂವಕ್ಕೆ ಕೊಟ್ಟರು. ಹೊಲ ಮನೆ ಎಮ್ಮೆ ಎಲ್ಲ ಇದ್ದ ಗಟ್ಟಿ ಮನೆತನ. ಅಕ್ಕನ ಗಂಡನನ್ನು ನಾವು ದಾಜಿ ಎಂದು ಕರೆಯುತ್ತೇವೆ. ಅವರು ಮಾತಾಡುವುದು ಕನ್ನಡ, ಓದುವುದು ಮರಾಠಿ ಮಾತ್ರ. ಮನೆಯಲ್ಲಿ ದಾಜಿಯ ತಾಯಿ, ಅಂದರೆ ಅಕ್ಕನ ಅತ್ತೆ. ನಾನೂ ಅವರನ್ನು ಅತ್ತಿ ಎಂದೇ ಕರೆಯುತ್ತಿದ್ದೆ. ಅವರಿಗೆ ಅಕ್ಷರ ಬರುತ್ತಿರಲಿಲ್ಲ.

ಸಣ್ಣ ಮೈಯ ಹೆಂಗಸು ಅತ್ತಿ. ಸಕ್ಕರೆ ಕಾಯಿಲೆ ಇತ್ತು, ನಿದ್ದೆ ಬರುವುದಿಲ್ಲವೆಂದು ಊರ ಡಾಕ್ಟರು ಕೊಟ್ಟ ಒಂದು ಗುಳಿಗೆಯನ್ನು ವರ್ಷಗಳಿಂದ ನುಂಗುತ್ತಿದ್ದರು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಅವರೇ. ಸೊಸೆಗೂ ಅವರಿಗೂ ನಡುವೆ ಹೆಚ್ಚು ಮಾತಿರಲಿಲ್ಲ, ಜಗಳವೂ ಇರಲಿಲ್ಲ. ಅಕ್ಕನಿಗೆ ನಲವತ್ತೈದರ ಸುಮಾರಿಗೆ ಗರ್ಭಕೋಶದಲ್ಲಿ ಗಡ್ಡೆಗಳಾಗಿ, ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗಲು ಶುರುವಾಯಿತು. ಎರಡು ವರ್ಷ ಯಾರಿಗೂ ಹೇಳದೆ ಸಹಿಸಿದಳು. ಅದು ಅತ್ತಿಯ ಗಮನಕ್ಕೆ ಬಂದದ್ದು ಒಗೆಯುವ ಬಟ್ಟೆಗಳಿಂದ. ಅವರೇ ಮಗನನ್ನು ಕೂಡಿಸಿಕೊಂಡು, ಇವಳನ್ನು ತಂಗಿಯ ದವಾಖಾನೆಗೆ ಕರೆದುಕೊಂಡು ಹೋಗು, ಸುಗ್ಗಿ ಆಮೇಲೆ ನೋಡೋಣ ಎಂದರಂತೆ. ತಾವೂ ಒಂದು ಗಂಟು ಕಟ್ಟಿಕೊಂಡು ಸೊಸೆಯ ಜೊತೆಗೆ ಬಂದರು.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ನಾನು ಡ್ಯೂಟಿಗೆ ಬಂದಾಗ ಅಕ್ಕ ಮರದ ತುಂಡಿನ ಹಾಗೆ ನೆಟ್ಟಗೆ ಮಲಗಿದ್ದಳು. ಬೆಳಗಿನ ಇಂಜೆಕ್ಷನ್ ಬೇಡವೆಂದು ಕೈ ಸರಿಸಿದ್ದಳಂತೆ. ಆ ಔಷಧದಲ್ಲಿ ನಶೆ ಇರುತ್ತದೆ, ಒಂದು ಸಲ ಮೈಗೆ ಹತ್ತಿದರೆ ಬಿಡುವುದಿಲ್ಲ ಎಂದು ಪಕ್ಕದ ಹಾಸಿಗೆಯವರು ಯಾರೋ ಹೇಳಿದ್ದರು. ನಾನು ಆಕೆಯ ಪಕ್ಕ ಕುಳಿತು ಕೆಮ್ಮು ಎಂದೆ. ಕೆಮ್ಮಲಾಗಲಿಲ್ಲ. ಬಾಯಿ ತೆರೆದಳು, ಕಣ್ಣಂಚಿನಿಂದ ನೀರು ಇಳಿಯಿತು, ಅಷ್ಟೇ.

ಆ ದಿನ ನಾನು ಆಕೆಗೆ ತಿಳಿಸಿ ಹೇಳಿದೆ. ಮೈಯಲ್ಲಿ ಇಷ್ಟು ದೊಡ್ಡ ಗಾಯ ಇರುವಾಗ ನಾಲ್ಕೈದು ದಿನ ಅಳತೆಯಲ್ಲಿ ತೆಗೆದುಕೊಂಡರೆ ಚಟ ಆಗುವ ಭಯ ಕಡಿಮೆ. ನೋವು ಕಡಿಮೆಯಾದಂತೆ ಔಷಧವನ್ನೂ ಕಡಿಮೆ ಮಾಡುತ್ತ ಹೋಗಿ ಬಿಟ್ಟುಬಿಡುವುದು. ಬರೀ ಇದೊಂದೇ ಅಲ್ಲ, ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್, ಜೊತೆಗೆ ಉಸಿರಾಟ, ನಡಿಗೆ, ಎಲ್ಲ ಸೇರಿಯೇ ನೋವು ಇಳಿಯುವುದು. ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೆಮ್ಮುವುದನ್ನು ತೋರಿಸಿದೆ. ಆಕೆ ಕೇಳುತ್ತಿದ್ದಳು. ಆಕೆಗಿಂತ ಹೆಚ್ಚು ಗಮನವಿಟ್ಟು ಅತ್ತಿ ಕೇಳುತ್ತಿದ್ದರು. ಇಂಜೆಕ್ಷನ್ ಕೊಟ್ಟು ಮುಕ್ಕಾಲು ಗಂಟೆಯಾದ ಮೇಲೆ ಅಕ್ಕ ನನ್ನ ತೋಳು ಹಿಡಿದು ಎದ್ದು ನಿಂತಳು, ಕಿಟಕಿಯವರೆಗೆ ಹೋಗಿ ಬಂದಳು. ಮುಖದ ಬಿಗಿ ಸಡಿಲಾಗಿತ್ತು. ಸೊಸೆಯ ಮುಖವನ್ನೇ ನೋಡುತ್ತ ಅತ್ತಿ ಹೇಳಿದ್ದು ಇಷ್ಟು: "ಎಂಥಾ ಛಲೋ ಔಷಧರೀ ಇದು."

ಐದನೆಯ ದಿನ ಬಿಡುಗಡೆ. ಮನೆಗೆ ಹನ್ನೆರಡು ಟ್ರಾಮಡಾಲ್ ಗುಳಿಗೆ ಬರೆದಿದ್ದರು, ನಾಲ್ಕು ದಿನಕ್ಕೆ. ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿ, ಜೊತೆಗಿನ ಸೂಚನೆ ಮರಾಠಿಯಲ್ಲಿ. ಅಕ್ಕನಿಗೆ ಮರಾಠಿ ಓದಲು ತಡವರಿಕೆ. ಹಾಗಾಗಿ ನಾನೇ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ. ಯಾವ ಗುಳಿಗೆ ಯಾವ ಹೊತ್ತಿಗೆ, ಬರೀ ಹೊಟ್ಟೆಯಲ್ಲಿ ಬೇಡ, ನೀರು ಹೆಚ್ಚು ಕುಡಿ, ಮಲ ಕಟ್ಟಿದರೆ ಫೋನ್ ಮಾಡು, ತೀರ ಜೋಂಪು ಬಂದರೆ ಮುಂದಿನ ಗುಳಿಗೆ ತಡೆ. ದಾಜಿಯ ತಮ್ಮನ ಸಣ್ಣ ಮಕ್ಕಳು ಆ ಮನೆಗೆ ಬಂದು ಹೋಗುತ್ತಿದ್ದುದರಿಂದ, ಹುಡುಗರ ಕೈಗೆ ಸಿಗದ ಹಾಗೆ ಇಡು ಎಂದೂ ಬರೆದೆ.

ವಾರ್ಡಿನಲ್ಲಿ ಎಲ್ಲರಿಗೂ ಹೇಳುವ ಇನ್ನೊಂದು ಮಾತಿದೆ. ಇದು ನಿಮಗೊಬ್ಬರಿಗೇ ಬರೆದ ಗುಳಿಗೆ, ಮನೆಯಲ್ಲಿ ಬೇರೆ ಯಾರಿಗೆ ಎಷ್ಟೇ ನೋವಿದ್ದರೂ ಕೊಡಬೇಡಿ. ಅದನ್ನು ಬರೆಯಲಿಲ್ಲ, ಬಾಯಲ್ಲಿಯೂ ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಅಕ್ಕನಿಗೆ ಅಷ್ಟು ತಿಳಿಯುವುದಿಲ್ಲವೇ ಎಂದುಕೊಂಡೆ. ಪರರಿಗೆ ನೂರು ಸಲ ಬಿಡಿಸಿ ಹೇಳುವುದನ್ನು ನಮ್ಮವರಿಗೆ ಹೇಳಲು ಒಂದು ಥರ ಸಂಕೋಚ. ಕೆಳಗೆ ಜೀಪು ನಿಂತಿತ್ತು. ಅತ್ತಿ ಚೀಲ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಪಕ್ಕದ ಕಟಾಂಜನದ ಸರಳು ಹಿಡಿದು, ಅಡ್ಡಡ್ಡ ನಿಂತು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಇಳಿಯುತ್ತಿದ್ದರು. ಹಿಂದೆ ನಿಂತು ನೋಡಿದೆ. ವಯಸ್ಸಾಯಿತು ಎಂದುಕೊಂಡು ಸುಮ್ಮನಾದೆ. ಅಷ್ಟು ವರ್ಷ ಜನರ ನೋವು ಕೇಳಿದವಳು ಅವರನ್ನು ಒಂದು ಮಾತು ಕೇಳಲಿಲ್ಲ.

ಅವರು ಊರಿಗೆ ಹೋಗಿ ಮೂರನೆಯ ದಿನ, ಸಂಜೆ ಐದರ ಸುಮಾರಿಗೆ ನಾನು ವಾರ್ಡಿನಲ್ಲಿ ಬಿಪಿ ನೋಡುತ್ತಿದ್ದಾಗ ಅಕ್ಕನ ಫೋನ್ ಬಂತು. ದನಿ ಸಣ್ಣದಾಗಿತ್ತು.

"ಅತ್ತಿ ಏಳವಲ್ರು" ಅಂದಳು. "ಮಧ್ಯಾಹ್ನ ಮಲ್ಕೊಂಡಾರ. ಅಲ್ಲಾಡಸಿದ್ರ ಕಣ್ಣ ಸ್ವಲ್ಪ ತಗೀತಾರ, ಮತ್ತ ಹಂಗ ಹೋಗಿಬಿಡತಾರ. ಬಾಯಿಂದ ವಾಂತಿ ಬಂದೈತಿ."

ಸಕ್ಕರೆ ಇಳಿದಿರಬೇಕು ಎಂದು ನನಗೆ ಮೊದಲು ಅನ್ನಿಸಿತು. ತುಟಿಯ ಮೇಲೆ ಸಕ್ಕರೆ ಸವರು, ಉಸಿರು ಹೇಗಿದೆ ನೋಡಿ ಹೇಳು ಎಂದೆ. ಉಸಿರು ಬಹಳ ನಿಧಾನವಿದೆ, ನಡುವೆ ನಿಂತ ಹಾಗಾಗಿ ಮತ್ತೆ ಗೊರಕೆಯ ಹಾಗೆ ಎಳೆಯುತ್ತಾರೆ ಎಂದಳು. ಆ ಉಸಿರು ನನಗೆ ಗೊತ್ತು. ವಾರ್ಡಿನಲ್ಲಿ ಅಂಥ ಉಸಿರು ಕೇಳಿದರೆ ನಾವು ಓಡುತ್ತೇವೆ.

"ಏನು ಗುಳಿಗಿ ತೊಗೊಂಡಾರ?" ಎಂದು ಕೇಳಿದೆ.

"ದಿನಾ ತೊಗೋತಾರಲ್ಲ, ನಿದ್ದಿ ಗುಳಿಗಿ. ಎರಡ ದಿನ ನನ್ನ ಬಾಜೂಕ ಕುಂತು ನಿದ್ದಿನ ಆಗಿಲ್ಲ ಅಂತ ಇವತ್ತ ಮಧ್ಯಾಹ್ನ ಒಂದ ತೊಗೊಂಡ್ರು."

"ಮತ್ತ?"

ಮತ್ತೇನಿಲ್ಲ ಎಂದಳು. ನಾನು ದನಿ ಎತ್ತರಿಸದೆ, ನಿನ್ನ ಗುಳಿಗೆಯ ಪಾಕೀಟು ಕೈಯಲ್ಲಿ ಹಿಡಿದುಕೋ, ಎಷ್ಟು ಉಳಿದಿವೆ ಎಣಿಸು ಎಂದೆ. ಆಕೆ ಎದ್ದು ಹೋಗಿ ತರುವವರೆಗೆ ಹೊಟ್ಟೆ ಹಿಡಿದುಕೊಂಡು ನಡೆಯುವ ಆಕೆಯ ಉಸಿರು ಫೋನಿನಲ್ಲಿ ಕೇಳುತ್ತಿತ್ತು.

"ಎರಡ ಅದಾವ."

ಆರು ಉಳಿಯಬೇಕಾಗಿತ್ತು.

"ಮೊಳಕಾಲು ಭಾಳ ನೋಯಾಕತ್ತಿದ್ವು ಅವರವು" ಎಂದಳು ಅಕ್ಕ. "ನನಗ ನೀರ ಕಾಸೋದು, ಎತ್ತಿ ಕುಂಡ್ರಸೋದು, ಎಲ್ಲಾ ಅವರ ಮಾಡಾಕತ್ತಿದ್ರು. ನನಗ ನೋಡಾಕ ಆಗಲಿಲ್ಲ. ನಿನ್ನೆ ಎರಡ ಕೊಟ್ಟೆ, ಇವತ್ತ ಎರಡ."

ಮುದುಕಿಯ ಸಣ್ಣ ಮೈ, ಸಕ್ಕರೆಯಿಂದ ಸೋತ ಮೂತ್ರಪಿಂಡ, ಅದರ ಮೇಲೆ ನಿದ್ದೆ ಗುಳಿಗೆ. ಔಷಧ ಮೈಯಿಂದ ಹೊರಗೆ ಹೋಗದೆ ಒಳಗೇ ಕೂಡುತ್ತ ಬಂದಿತ್ತು. ಅವರನ್ನು ಎಡಮಗ್ಗಲಿಗೆ ಹೊರಳಿಸು, ಬಾಯಿ ಒರೆಸು, ಒಂಟಿಯಾಗಿ ಬಿಡಬೇಡ, ಹೊಲದಿಂದ ದಾಜಿಯನ್ನು ಕರೆಸು ಎಂದೆಲ್ಲ ಹೇಳಿದೆ. ಗುಳಿಗೆಯ ಪಾಕೀಟು ಡಾಕ್ಟರ ಕೈಗೆ ಸೇರಲೇಬೇಕು, ನಾಚಿಕೆಯಿಂದ ಮುಚ್ಚಿಡಬೇಡ ಎಂದೆ. ಮುಚ್ಚಿಡಲಿಲ್ಲ ಆಕೆ. ದಾಜಿ ಬಂದ ಕೂಡಲೇ ತಾನೇ ಹೇಳಿ ಪಾಕೀಟನ್ನು ಅವರ ಅಂಗಿಯ ಕಿಸೆಯಲ್ಲಿ ಇಟ್ಟಳಂತೆ.

ನೆರೆಯವರ ಜೀಪಿನಲ್ಲಿ ಅತ್ತಿಯನ್ನು ಅಕ್ಕಲಕೋಟಕ್ಕೆ ತಂದರು. ಅಲ್ಲಿಯ ಡಾಕ್ಟರು ಪಾಕೀಟು ನೋಡಿದ ತಕ್ಷಣ ಆಮ್ಲಜನಕ ಹಚ್ಚಿ, ಈ ಜಾತಿಯ ಔಷಧವನ್ನು ಇಳಿಸುವ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ಸೊಲ್ಲಾಪುರಕ್ಕೆ ಕಳಿಸಿದರು. ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆ. ಸ್ಟ್ರೆಚರ್ ಇಳಿಸುವಾಗ ಅತ್ತಿ ಕಣ್ಣು ತೆರೆದಿದ್ದರು. ನನ್ನನ್ನು ಗುರುತಿಸಿದರು. ಬದುಕಿದರು ಎಂದುಕೊಂಡೆ. ದಾಜಿ ಕೂಡ ಹಾಗೇ ಅಂದುಕೊಂಡು ಗೋಡೆಗೆ ಒರಗಿ ಕುಳಿತರು. ಆದರೆ ನಿದ್ದೆಯಲ್ಲಿ ಆದ ವಾಂತಿ ಅಷ್ಟರೊಳಗೆ ಪುಪ್ಪುಸಕ್ಕೆ ಇಳಿದಿತ್ತು. ಮರುದಿನ ಜ್ವರ ಏರಿತು. ಎಕ್ಸ್‌ರೇಯಲ್ಲಿ ಬಲಗಡೆಯ ಕೆಳಭಾಗ ಪೂರ್ತಿ ಬೆಳ್ಳಗಾಗಿತ್ತು.

ಎರಡನೆಯ ದಿನ ಮಧ್ಯಾಹ್ನ ಅವರಿಗೆ ಸ್ವಲ್ಪ ಮಾತಾಡುವ ಶಕ್ತಿ ಇತ್ತು. ದಾಜಿ ಚಹಾಕ್ಕೆ ಕೆಳಗೆ ಹೋಗಿದ್ದರು. ಅತ್ತಿ ಮುಖಕ್ಕೆ ಹಾಕಿದ್ದ ಮಾಸ್ಕನ್ನು ಸರಿಸಿ ಮೊದಲು ಕೇಳಿದ್ದು ಅಕ್ಕನನ್ನು.

"ಆಕಿ ಗುಳಿಗಿ ತೊಗೊಂಡಾಳೇನು? ಹೊತ್ತಿಗೆ ಕೊಡೋರು ಯಾರದಾರ ಅಲ್ಲಿ?"

ತೆಗೆದುಕೊಂಡಿದ್ದಾಳೆ ಎಂದು ಸುಳ್ಳು ಹೇಳಿದೆ. ಅವತ್ತು ಬೆಳಿಗ್ಗೆ ಫೋನ್ ಮಾಡಿದಾಗ ಆಕೆ ಪ್ಯಾರಾಸಿಟಮಾಲನ್ನು ಸಹ ಮುಟ್ಟಿಲ್ಲವೆಂದು ನೆರೆಮನೆಯಾಕೆ ಹೇಳಿದ್ದಳು. ಆಮೇಲೆ ನಾನು ಅತ್ತಿಯನ್ನು ಮೊಳಕಾಲು ಎಷ್ಟು ವರ್ಷದಿಂದ ನೋಯುತ್ತಿವೆ ಎಂದು ಕೇಳಿದೆ. ಅಷ್ಟೊತ್ತಿಗೆ ಆ ಪ್ರಶ್ನೆಯಿಂದ ಯಾರಿಗೂ ಉಪಯೋಗವಿರಲಿಲ್ಲ. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಅಕ್ಕನ ಸಣ್ಣ ಮಗಳು ಹುಟ್ಟಿದ ವರ್ಷದಿಂದ ಎಂದರು. ಆ ಹುಡುಗಿ ಈಗ ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ.

"ಮಾಳಗಿ ಏರಿದ್ದೆ ನಾ" ಎಂದರು ಅತ್ತಿ. "ಗುಳಿಗಿ ತೊಗೊಂಡ ದಿನ. ಎಷ್ಟ ವರ್ಷ ಆಗಿತ್ತೋ ಏನೋ ಏರದ. ಅಲ್ಲಿಂದ ನಮ್ಮ ಜೋಳದ ಹೊಲ ಕಾಣತೈತಿ. ಸೊಸಿ ನನಗ ಛಲೋನ ಮಾಡ್ಯಾಳ. ಆಕಿಗೆ ಯಾರೂ ಏನೂ ಅನಬ್ಯಾಡ್ರಿ."

ದಾಜಿ ಬಂದಾಗ ಅವರು ಕಣ್ಣು ಮುಚ್ಚಿದ್ದರು. ಮಾಸ್ಕನ್ನು ಸರಿಯಾಗಿ ಕೂಡಿಸಿ ನಾನು ಹೊರಗೆ ಬಂದೆ. ಅದರ ನಂತರ ಅವರು ತಿಳಿಯುವ ಹಾಗೆ ಮಾತಾಡಲಿಲ್ಲ. ನಾಲ್ಕನೆಯ ದಿನ ಮುಂಜಾನೆ ಹತ್ತರ ಸುಮಾರಿಗೆ ತೀರಿಕೊಂಡರು.

ಅವರ ದೇಹದ ಜೊತೆಗೆ ನಾನೂ ಚಪಳಗಾಂವಕ್ಕೆ ಹೋದೆ. ಅಂಗಳ ತುಂಬ ಹೆಂಗಸರು. ಅಕ್ಕ ಒಳಕೋಣೆಯ ಬಾಗಿಲಲ್ಲಿ ಕಂಬ ಹಿಡಿದು, ನಡು ಬಗ್ಗಿಸಿ ನಿಂತಿದ್ದಳು. ಎಲ್ಲರೂ ಅಳುತ್ತಿದ್ದರು, ಆಕೆಯೊಬ್ಬಳು ಅಳುತ್ತಿರಲಿಲ್ಲ. ಬಾಯಿ ಬಿಗಿಹಿಡಿದು ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳುತ್ತಿದ್ದಳು. ನೋಡಿದಿರಾ, ಕಣ್ಣಲ್ಲಿ ಒಂದು ಹನಿ ನೀರಿಲ್ಲ ಎಂದು ನನ್ನ ಹಿಂದೆ ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ಯಾಕೆ ಅಳುತ್ತಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಹೊಟ್ಟೆಯ ಹೊಲಿಗೆ ಹಸಿಯಿರುವಾಗ ಬಿಕ್ಕಲಾಗುವುದಿಲ್ಲ. ಒಂದೊಂದು ಬಿಕ್ಕೂ ಚಾಕು ಹಾಕಿದ ಹಾಗೆ. ಗುಳಿಗೆ ಬಿಟ್ಟು ನಾಲ್ಕು ದಿನವಾಗಿತ್ತು ಆಕೆಗೆ. ನಾನು ಒಳಗೆ ಹೋಗಿ ಹಾಸಿಗೆಯ ಮೇಲಿದ್ದ ದಿಂಬು ತಂದು ಆಕೆಯ ಹೊಟ್ಟೆಗೆ ಒತ್ತಿ ಹಿಡಿದೆ, ಹಿಂದಿನಿಂದ ಬೆನ್ನಿಗೆ ಎದೆ ಕೊಟ್ಟು ನಿಂತೆ. ಈಗ ಅಳು ಎಂದು ಕಿವಿಯಲ್ಲಿ ಹೇಳಿದೆ. ಆಗ ಅತ್ತಳು. ನನ್ನ ಕೈಯೊಳಗೆ ಆ ಸಣ್ಣ ಹೊಟ್ಟೆ ನಡುಗಿದ್ದು ಈಗಲೂ ನೆನಪಾಗುತ್ತದೆ.

ಮಣ್ಣು ಮುಗಿದು ಜನ ಹೋದ ಮೇಲೆ ನಾನು ಎಂಟು ದಿನ ರಜೆ ಹಾಕಿ ಅಲ್ಲೇ ಉಳಿದೆ. ಅಕ್ಕನ ಎದೆಗೆ ಕಿವಿಯಿಟ್ಟರೆ ಕಫದ ಸದ್ದು. ಮೈ ಬೆಚ್ಚಗಿತ್ತು. ಪ್ಯಾರಾಸಿಟಮಾಲ್ ಕೊಡಹೋದರೆ ಗೋಡೆಯ ಕಡೆಗೆ ತಿರುಗಿದಳು. ಇದು ಆ ಗುಳಿಗೆಯಲ್ಲ, ಬೇರೆ ಜಾತಿಯದು, ಉಸಿರಿಗೆ ಏನೂ ಮಾಡುವುದಿಲ್ಲ ಎಂದು ಎಷ್ಟು ತಿಳಿಸಿದರೂ ಕೇಳಲಿಲ್ಲ. ನೋವಿರಲಿ, ನನಗೆ ಅದು ಇರಬೇಕು ಎಂದಳು. ಎರಡನೆಯ ದಿನ ಹಗಲು, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಗೋಡೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು.

"ಖರೆ ಹೇಳು. ನಾ ಕೊಟ್ಟ ಗುಳಿಗಿಯಿಂದನ ಹೋದ್ರೇನು ಅತ್ತಿ?"

ಸತ್ತವರ ಮನೆಯವರು ಇಂಥ ಪ್ರಶ್ನೆ ಕೇಳಿದಾಗ ನಾವು ಹೇಳುವ ಮಾತೊಂದಿದೆ. ಅವರ ಆಯುಷ್ಯ ಅಷ್ಟೇ ಇತ್ತು ಎನ್ನುತ್ತೇವೆ. ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ, ಕೆಲವು ಸಲ ಅದು ನಿಜವೂ ಆಗಿರುತ್ತದೆ. ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ.

"ಹೌದು" ಎಂದೆ. "ಆ ಗುಳಿಗಿ, ನಿದ್ದಿ ಗುಳಿಗಿ, ಸಕ್ರಿ ಬ್ಯಾನಿ, ಎಲ್ಲಾ ಕೂಡಿ ಹೋದ್ರು. ನೀ ಕೊಟ್ಟಿದ್ದು ಖರೆ. ಕೊಡಬ್ಯಾಡ ಅಂತ ನಾ ನಿನಗ ಹೇಳಲಿಲ್ಲ, ಅದೂ ಖರೆ. ತಿಳದಾಕಿ ನಾ ಇದ್ದೆ, ನೀ ಅಲ್ಲ."

ನನ್ನನ್ನು ಸಮಾಧಾನ ಮಾಡುತ್ತಾಳೆ ಎಂದುಕೊಂಡೆನೋ ಏನೋ. ಆಕೆ ಹಾಗೆ ಮಾಡಲಿಲ್ಲ.

"ಚೀಟಿ ಹತ್ತ ಸಲ ಓದೇನಿ" ಎಂದಳು. "ಹುಡುಗರ ಕೈಗೆ ಸಿಗಬಾರದು ಅಂತ ಬರದಿ. ಅತ್ತಿಗೆ ಕೊಡಬಾರದು ಅಂತ ಬರದಿಲ್ಲ."

ಬೈದಿದ್ದರೆ ಹಗುರವಾಗುತ್ತಿತ್ತು. ಅದು ಬೈಗುಳವಲ್ಲ. ಬೇಳೆಯಲ್ಲಿ ಕಲ್ಲು ಹುಡುಕುವವರ ಹಾಗೆ ಆ ಚೀಟಿಯನ್ನು ಹುಡುಕಿದ್ದಳು, ಎಲ್ಲಿಯಾದರೂ ಒಂದು ಸಾಲು ಇದ್ದು ತಾನೇ ಓದದೆ ಬಿಟ್ಟಿದ್ದೇನೋ ಎಂದು. ಹಾಗೊಂದು ಸಾಲು ಸಿಕ್ಕಿದ್ದರೆ ತಪ್ಪೆಲ್ಲ ತನ್ನದೇ ಎಂದು ತೀರ್ಮಾನಿಸಿ ಮಲಗಬಹುದಿತ್ತು. ಅದೂ ಸಿಕ್ಕಿರಲಿಲ್ಲ.

ಆ ಸಂಜೆ ನಾನು ದಾಜಿಯನ್ನು ಕೊಟ್ಟಿಗೆಯ ಹತ್ತಿರ ಕಂಡು ಅವರ ತಾಯಿ ಆಡಿದ ಮಾತುಗಳನ್ನು ಹೇಳಿದೆ. ಸೊಸೆ ಗುಳಿಗೆ ತೆಗೆದುಕೊಂಡಳೇ ಎಂದು ಕೇಳಿದ್ದು, ಮಾಳಿಗೆ ಏರಿದ್ದು, ಯಾರೂ ಏನೂ ಅನ್ನಬೇಡಿ ಎಂದದ್ದು. ಅಷ್ಟು ದಿನ ಹೇಳಿರಲಿಲ್ಲ, ಯಾಕೆಂದರೆ ಅವರ ಮುಖ ನೋಡಲು ನನಗೇ ಧೈರ್ಯವಿರಲಿಲ್ಲ. ಅವರು ಹೆಂಡತಿಯ ಜೊತೆ ಒಂದು ಮಾತೂ ಆಡದೆ ವಾರವಾಗಿತ್ತು. ಸಿಟ್ಟಿನಿಂದಲೋ, ಏನು ಮಾತಾಡಬೇಕೆಂದು ತಿಳಿಯದೆಯೋ ನನಗೆ ಗೊತ್ತಿಲ್ಲ. ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟುಕೊಂಡು ಪೂರ್ತಿ ಕೇಳಿದರು. ಅವ್ವನ ಮೊಳಕಾಲು ನೋಯುತ್ತಿದ್ದುದು ನನಗೂ ಗೊತ್ತಿತ್ತು, ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ ಎಂದರು. ಮುಖ ಒರೆಸಿಕೊಂಡು ಒಳಗೆ ಹೋದರು.

ನಾನು ಹಿಂದೆಯೇ ಹೋದೆ. ಅವರು ತಾವೇ ಕೊಡದಿಂದ ತಂಬಿಗೆಯಲ್ಲಿ ನೀರು ತುಂಬಿಕೊಂಡು, ನನ್ನ ಕಡೆಗೆ ಕೈ ಚಾಚಿದರು. ಪ್ಯಾರಾಸಿಟಮಾಲ್ ಒಂದನ್ನು ಆ ಕೈಯಲ್ಲಿಟ್ಟೆ. ಅಕ್ಕನ ಹಾಸಿಗೆಯ ಪಕ್ಕ ನೆಲಕ್ಕೆ ಕುಳಿತು, ಮುಖ ನೋಡದೆ ಹೇಳಿದರು.

"ತೊಗೋ. ಅವ್ವ ಕೇಳಿದ್ಳಂತ, ನೀ ತೊಗೊಂಡಿಯೋ ಇಲ್ಲೋ ಅಂತ."

ಆಕೆ ಎದ್ದು ಕುಳಿತು ತೆಗೆದುಕೊಂಡಳು. ಆ ಮೇಲಿನ ಆರು ದಿನ ಹೊತ್ತು ಹೊತ್ತಿಗೆ ಗುಳಿಗೆ ಕೊಟ್ಟವರು ದಾಜಿಯೇ. ಬೆಳಿಗ್ಗೆ ಹೊಲಕ್ಕೆ ಹೋಗುವ ಮುಂಚೆ, ಮಧ್ಯಾಹ್ನ ಊಟಕ್ಕೆ ಬಂದಾಗ, ಸಂಜೆ ಹಾಲು ಹಿಂಡಿದ ಮೇಲೆ. ನಾನು ಆಕೆಯನ್ನು ಅಂಗಳದಲ್ಲಿ ನಡೆಸಿದೆ, ದಿಂಬು ಹಿಡಿಸಿ ಕೆಮ್ಮಿಸಿದೆ. ಕಫ ಸಡಿಲಾಯಿತು, ಮೈ ತಣ್ಣಗಾಯಿತು. ಉಳಿದಿದ್ದ ಆ ಎರಡು ಗುಳಿಗೆಯನ್ನು ಕಾಗದದಲ್ಲಿ ಸುತ್ತಿ ವಾಪಸು ತಂದು ನಮ್ಮ ಆಸ್ಪತ್ರೆಯ ಔಷಧ ಅಂಗಡಿಯಲ್ಲಿ ನಾಶ ಮಾಡಲು ಕೊಟ್ಟೆ. ಅತ್ತಿಯ ನಿದ್ದೆ ಗುಳಿಗೆಗಳೂ ಗೂಡಿನಲ್ಲಿ ಅರ್ಧ ಡಬ್ಬಿ ಇದ್ದವು, ಅವನ್ನೂ ತಂದೆ.

ಊರಿನಲ್ಲಿ ಮಾತು ನಿಲ್ಲಲಿಲ್ಲ. ಸೊಸೆ ಗುಳಿಗೆ ಕೊಟ್ಟು ಮಲಗಿಸಿದಳು ಎಂದು ಬಾವಿಯ ಹತ್ತಿರ, ಮದುವೆ ಮನೆಗಳಲ್ಲಿ ಆಡಿಕೊಂಡರು. ದಾಜಿ ಯಾರೊಂದಿಗೂ ವಾದಕ್ಕೆ ಹೋಗಲಿಲ್ಲ. ಅಕ್ಕನೂ ಹೋಗಲಿಲ್ಲ. ಒಂದು ವರ್ಷ ಯಾವ ಕಾರ್ಯಕ್ಕೂ ಹೊರಗೆ ಬರಲಿಲ್ಲ ಆಕೆ. ನನ್ನೊಂದಿಗೂ ಫೋನಿನಲ್ಲಿ ಹೂಂ, ಇಲ್ಲ, ಅಷ್ಟೇ. ನಾನು ದೂರಲಾರೆ.

ವಾರ್ಡಿನಲ್ಲಿ ನನ್ನ ಕೆಲಸ ಸ್ವಲ್ಪ ಬದಲಾಯಿತು. ಬಿಡುಗಡೆಯ ದಿನ ರೋಗಿಯೊಬ್ಬರಿಗೇ ಹೇಳಿ ಕಳಿಸುವುದನ್ನು ಬಿಟ್ಟೆ. ಮನೆಯಲ್ಲಿ ಅಡುಗೆ ಮಾಡುವವರು, ಔಷಧ ಕೊಡುವವರು, ಎಲ್ಲರನ್ನೂ ಕೂಡಿಸಿ, ಓದು ಬರದವರಿಗೆ ಬಾಯಿಪಾಠ ಹೇಳಿಸಿ ಕಳಿಸುತ್ತೇನೆ. ನಿಮ್ಮ ಮನೆಯಲ್ಲಿ ಇನ್ಯಾರಿಗೆ ಏನು ನೋವಿದೆ ಎಂದು ಕೇಳುತ್ತೇನೆ. ಹೆಚ್ಚಿನವರು ಯಾರಿಗೂ ಇಲ್ಲ ಎನ್ನುತ್ತಾರೆ. ಆಮೇಲೆ ಹಿಂದೆ ನಿಂತ ಯಾರೋ ಒಬ್ಬರು, ಹೆಚ್ಚಾಗಿ ವಯಸ್ಸಾದ ಹೆಂಗಸು, ನೆಲ ನೋಡುತ್ತಿರುತ್ತಾರೆ. ಅವರನ್ನು ಬೇರೆ ಕರೆದು ಚೀಟಿ ಬರೆಸಿ ಡಾಕ್ಟರ ಹತ್ತಿರ ಕಳಿಸುತ್ತೇನೆ. ಕೆಲವರು ಹೋಗುತ್ತಾರೆ, ಕೆಲವರು ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಾರೆ. ಇದರಿಂದ ಅತ್ತಿಯ ಋಣ ತೀರುತ್ತದೆ ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ.

ಹೋದ ತಿಂಗಳು ದಾಜಿ ತೊಗರಿ ಚೀಲ ಎತ್ತಲು ಹೋಗಿ ಬೆನ್ನು ಹಿಡಿದುಕೊಂಡರು. ಅಕ್ಕನೇ ಫೋನ್ ಮಾಡಿದಳು. ಕೇಳಿದರೆ ಏನಿಲ್ಲ ಅನ್ನುತ್ತಾರೆ, ಆದರೆ ಚಪ್ಪಲಿ ಹಾಕಿಕೊಳ್ಳಲು ಬಗ್ಗುವುದಿಲ್ಲ ಎಂದಳು. ಕರೆದುಕೊಂಡು ಬಾ ಎಂದೆ. ಇಬ್ಬರೂ ಮುಂಜಾನೆಯ ಬಸ್ಸಿಗೆ ಬಂದರು. ಅತ್ತಿ ಹೋದ ಮೇಲೆ ಅಕ್ಕ ಈ ಆಸ್ಪತ್ರೆಗೆ ಬಂದದ್ದು ಅದೇ ಮೊದಲು. ಕೂದಲು ಬಹಳ ಬೆಳ್ಳಗಾಗಿತ್ತು. ಡಾಕ್ಟರು ನೋಡಿ ಒಂದು ವಾರಕ್ಕೆ ಔಷಧ ಬರೆದರು. ಗುಳಿಗೆಗಳನ್ನು ಮೇಜಿನ ಮೇಲೆ ಇಟ್ಟು ಹೇಳಲು ನಾನು ಇಬ್ಬರನ್ನೂ ಕರೆದೆ. ಅಕ್ಕ ಬಾಗಿಲಲ್ಲೇ ನಿಂತಳು.

"ಅವರಿಗೆ ಹೇಳು" ಎಂದಳು. "ನಾ ಹೊರಗ ಕುಂತಿರತೀನಿ."

ನಾನು ಒತ್ತಾಯ ಮಾಡಲಿಲ್ಲ. ದಾಜಿಗೆ ಮರಾಠಿಯಲ್ಲಿ ಬರೆದುಕೊಟ್ಟು, ಒಂದೊಂದನ್ನೂ ಓದಿಸಿ ಕೇಳಿಸಿಕೊಂಡೆ. ಅವರು ಸಾಲೆಯ ಹುಡುಗನ ಹಾಗೆ ಬೆರಳಿಟ್ಟು ಓದಿದರು. ಹೊರಗೆ ಬಂದಾಗ ಅಕ್ಕ ಬೆಂಚಿನ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಯಾರದೋ ಮುದುಕಿ ತನ್ನ ಮೊಮ್ಮಗನ ಆಪರೇಷನ್ ಬಗ್ಗೆ ಏನೋ ಹೇಳುತ್ತಿದ್ದಳು, ಅಕ್ಕ ತಲೆ ಆಡಿಸುತ್ತಿದ್ದಳು. ಊಟ ಮಾಡಿಕೊಂಡು ಹೋಗಿ ಎಂದೆ. ಎಮ್ಮೆ ಹಿಂಡುವ ಹೊತ್ತಿಗೆ ಮುಟ್ಟಬೇಕು ಎಂದಳು. ಅಕ್ಕಲಕೋಟದ ಬಸ್ಸು ನಿಲ್ಲುವಲ್ಲಿಗೆ ಮೂವರೂ ನಿಧಾನವಾಗಿ ನಡೆದೆವು. ದಾಜಿಯ ಚೀಲವನ್ನು ಆಕೆ ಹಿಡಿದಿದ್ದಳು, ಗುಳಿಗೆ ಮಾತ್ರ ದಾಜಿಯ ಕಿಸೆಯಲ್ಲಿದ್ದವು. ಬಸ್ಸು ಹೊರಟಾಗ ಕಿಟಕಿಯಿಂದ ನನ್ನ ಕಡೆ ನೋಡಿ, ನೀ ಹೊತ್ತಿಗೆ ಉಣ್ಣು ಎಂದಳು.